ಅನುಜ್ ಅಜ್ಜಿಗೆ ಧ್ರುವಪ್ರಭೆ ತೋರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಧ್ರುವಪ್ರಭೆ, ಅಂದರೆ ಉತ್ತರದ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಅದನ್ನು ನೋಡಬೇಕೆಂದು ಜನ ನಾರ್ವೆಗೆ ಹೋಗುತ್ತಾರೆ, ಅಲಾಸ್ಕಾಕ್ಕೆ ಹೋಗುತ್ತಾರೆ, ಗಾಜಿನ ಗುಡಿಸಲಲ್ಲಿ ಅಂಗಾತ ಮಲಗಿ ವಾರಗಟ್ಟಲೆ ಆಕಾಶವನ್ನು ಬೇಡಿಕೊಳ್ಳುತ್ತಾರೆ. ನಮ್ಮ ಅನುಜ್ ಅಲ್ಲಿಗೆಲ್ಲ ಹೋಗಲಿಲ್ಲ. ಮಿಷಿಗನ್‌ನಲ್ಲೇ ನಿಂತು, ಜಾಕೆಟ್ಟಿನ ಕಾಲರ್ ಎತ್ತಿ, ಆಕಾಶಕ್ಕೆ ಒಂದೇ ಒಂದು ಡೈಲಾಗ್ ಹೊಡೆದ. ಆಕಾಶ ಕೆಂಪಾಯಿತು. ನೀವು ನಂಬುವುದಿಲ್ಲ, ಗೊತ್ತು. ನಿಮ್ಮಂಥ ಪ್ರೇಕ್ಷಕರನ್ನು ಬಹಳ ನೋಡಿದ್ದೇನೆ. ಮೊದಲ ಸೀನ್‌ನಲ್ಲಿ ಕೈಕಟ್ಟಿ ಕೂತಿರುತ್ತೀರಿ, ಕ್ಲೈಮ್ಯಾಕ್ಸ್‌ನಲ್ಲಿ ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕುತ್ತೀರಿ. ಇರಲಿ, ಈಗ ಕೈಕಟ್ಟಿಕೊಂಡೇ ಕೇಳಿ.

ಹೀರೋ ಎಂಟ್ರಿ. ಅನುಜ್ ಹುಟ್ಟಿ ಬೆಳೆದದ್ದು ಇಲಿನಾಯ್ ರಾಜ್ಯದ ಶಾಮ್‌ಬರ್ಗ್‌ನಲ್ಲಿ. ಅಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಇವನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದರೂ ಕನ್ನಡದಲ್ಲೇ ಬರುತ್ತದೆ. ಕಾರಣ, ಅವನಿಗೆ ಕನ್ನಡ ಕಲಿಸಿದ್ದು ತಾಯಿ ಸುಚೇತಾ ಅಲ್ಲ, ಮನೆಯ ಬೇಸ್‌ಮೆಂಟಿನಲ್ಲಿದ್ದ ಟೀವಿ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದ ಶನಿವಾರ ಭಾನುವಾರಗಳನ್ನೆಲ್ಲ ಹುಡುಗ ಕನ್ನಡ ಸಿನಿಮಾಗಳ ಮುಂದೆ ಕಳೆದ. ಹೀಗಾಗಿ ಅವನ ಬಾಯಲ್ಲಿ ಸಾಧಾರಣ ಮಾತೇ ಹೊರಡುವುದಿಲ್ಲ. ಇನ್ನೊಂದು ಸೌಟು ಮೊಸರನ್ನ ಬೇಕಾದರೆ ತಟ್ಟೆಯನ್ನು ನಿಧಾನವಾಗಿ ಮುಂದಕ್ಕೆ ತಳ್ಳಿ, ಈ ತಟ್ಟೆ ಖಾಲಿಯಾಗಿರೋದು ಶತ್ರುಗಳಿಗೆ ಗೊತ್ತಾಗಬಾರದು ಎನ್ನುತ್ತಾನೆ. ಡೆಂಟಿಸ್ಟ್ ಹತ್ತಿರ ಹೋಗಬೇಕೆಂದರೆ, ಹಲ್ಲು ಹೋದರೂ ನಗು ಹೋಗಬಾರದು ಎನ್ನುತ್ತಾನೆ.

ಡೈಲಾಗ್ ಜೊತೆಗೆ ತರಲೆಯೂ ಅಷ್ಟೇ. ಒಂದು ದೀಪಾವಳಿಗೆ ಲೆಮಾಂಟ್ ದೇವಸ್ಥಾನದಲ್ಲಿ ಪುಳಿಯೋಗರೆಗೆ ಮೆಟ್ಟಿಲವರೆಗೂ ಕ್ಯೂ ಇತ್ತು. ಇವನು ಕ್ಯೂನ ಕೊನೆಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುವವನಂತೆ, ಕೆಳಗಡೆ ಹಾಲ್‌ನಲ್ಲಿ ಬಿಸಿ ಕೇಸರಿಬಾತ್ ಶುರುವಾಯ್ತಂತೆ ಎಂದ, ಅಷ್ಟೇ. ಅಂಕಲ್‌ಗಳು ಆಂಟಿಗಳು ಎಲ್ಲ ಕೆಳಗಿಳಿದರು, ಇವನು ಮೊದಲನೆಯವನಾಗಿ ತಟ್ಟೆ ಹಿಡಿದ. ಅಂದಿನಿಂದ ಶಾಮ್‌ಬರ್ಗ್ ಕನ್ನಡಿಗರಲ್ಲಿ ಅನುಜ್ ಬೆಂಕಿ ಬೆಂಕಿ ಎಂದು ಕೂಗಿದರೂ ಜನ ಮೊದಲು ಹೊಗೆಯ ವಾಸನೆ ನೋಡುತ್ತಾರೆ.

ಈಗ ಅವನು ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಎಂಜಿನಿಯರ್. ಕಾರಿನ ಹೆಡ್‌ಲೈಟು ಪರೀಕ್ಷಿಸುವ ಕೆಲಸ. ಸೇರಿ ಇನ್ನೂ ಮೂರು ತಿಂಗಳಾಗಿತ್ತು, ಅಷ್ಟರಲ್ಲಿ ಅಜ್ಜಿ ನೋಡಲು ಬಂದರು.

ಅಜ್ಜಿ ಎಂದರೆ ಸುಚೇತಾಳ ತಾಯಿ ವಸುಧಾ. ಮೈಸೂರಿನ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ರಿಟೈರಾದ ಮೇಡಂ. ಜೀವಮಾನವಿಡೀ ಕಾಂತತ್ವದ ಪಾಠದ ಕೊನೆಯಲ್ಲಿ ಅವರು ಧ್ರುವಪ್ರಭೆಯ ವಿಷಯ ಹೇಳಿದ್ದರು. ಪುಸ್ತಕದಲ್ಲಿ ಇದ್ದದ್ದು ಒಂದು ಕಪ್ಪುಬಿಳುಪು ಚಿತ್ರ, ಮುದುರಿದ ಕಿಟಕಿ ಪರದೆಯ ಹಾಗೆ. ಅದನ್ನೇ ಮೇಡಂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು, ಕೈ ಬೀಸಿ ಬೀಸಿ ವರ್ಣಿಸುತ್ತಿದ್ದರು. ಪ್ರತಿ ವರ್ಷವೂ ಯಾರಾದರೂ ಒಬ್ಬ ಹುಡುಗಿ ಎದ್ದು, ಮಿಸ್ ನೀವು ನೋಡಿದೀರಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುವಾಗ ಮೇಡಂಗೆ ಪ್ರತಿ ವರ್ಷವೂ ಹೊಸದಾಗಿ ಮುಜುಗರವಾಗುತ್ತಿತ್ತು. ನೋಡದೆ ಇರುವುದನ್ನು ಮಾರುವ ವ್ಯಾಪಾರಿಯ ಹಾಗೆ.

ಈ ಸಲ ಅವರು ಚಳಿಗಾಲದಲ್ಲಿ ಅಮೆರಿಕಕ್ಕೆ ಬಂದಿದ್ದೇ ಅದಕ್ಕೆ. ಮಗಳಿಗೆ ಮಾತ್ರ, ನಿನ್ನ ನೋಡೋಕೆ ಎಂದು ಹೇಳಿದ್ದರು. ಎರಡು ತಿಂಗಳು ಶಾಮ್‌ಬರ್ಗ್‌ನಲ್ಲಿ ಇದ್ದರು. ಸೂರ್ಯ ಕೆರಳಿದರೆ ಮಾತ್ರ ಪ್ರಭೆ ಇಷ್ಟು ದಕ್ಷಿಣಕ್ಕೆ ಇಳಿಯುವುದು. ಆದರೆ ಸೂರ್ಯ ಕೆರಳಿದ ದಿನ ಮೋಡ, ಮೋಡವಿಲ್ಲದ ದಿನ ಸೂರ್ಯ ಸಾಧು. ಕೊನೆಯ ವಾರ ಮೊಮ್ಮಗನ ಜೊತೆ ವಾರೆನ್‌ಗೆ ಬಂದರು. ಡೆಟ್ರಾಯಿಟ್‌ನಿಂದಲೇ ವಾಪಸ್ ಟಿಕೆಟ್. ಮಂಡಿನೋವಿನಿಂದಾಗಿ ಇನ್ನೊಂದು ಚಳಿಗಾಲಕ್ಕೆ ಬರುವುದಿಲ್ಲವೆಂದು ಅವರೇ ತೀರ್ಮಾನ ಕೊಟ್ಟಿದ್ದರು. ಸೂಟ್‌ಕೇಸು ಮುಚ್ಚಿಯಾಗಿತ್ತು. ನಾಳೆ ಮಧ್ಯಾಹ್ನ ವಿಮಾನ. ಉಳಿದದ್ದು ಒಂದೇ ಸಂಜೆ.

ಆ ಸಂಜೆಗೆ ಸರಿಯಾಗಿ ಅನುಜ್‌ನ ಫೋನು ಟುಂಯ್ ಎಂದಿತು. ಎರಡು ದಿನದ ಹಿಂದೆ ಸೂರ್ಯನಿಂದ ಸಿಡಿದ ಕಾದ ಅನಿಲದ ದೊಡ್ಡದೊಂದು ಮುದ್ದೆ ಭೂಮಿಗೆ ಬಂದು ಬಡಿದಿದೆ. ಅದರ ಜೋರು ಒಂಬತ್ತರ ಅಳತೆಯಲ್ಲಿ ಏಳು. ಮಿಷಿಗನ್‌ವರೆಗೂ ಬೆಳಕು ಇಳಿಯಬಹುದು. ಅನುಜ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಅಜ್ಜಿ ಕಾಫಿ ಲೋಟ ಕೆಳಗಿಡುವವರೆಗೂ ಕಾದು ಹೇಳಿದ:

"ಅಜ್ಜಿ, ಸೂರ್ಯ ಕಳಿಸಿದಾನೆ, ಭೂಮಿ ಸೈನ್ ಮಾಡಿ ತಗೊಂಡಿದೆ. ಡೆಲಿವರಿ ಮಾಡೋದು ಈ ಅನುಜ್."

"ಮಾತು ಸಾಕು, ಕಾರು ತೆಗಿ" ಎಂದರು ಅಜ್ಜಿ, ಆಗಲೇ ಎರಡನೇ ಜೊತೆ ಕಾಲುಚೀಲ ಹಾಕುತ್ತ.

ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ ಇಬ್ಬರಿಗೂ ಒಂದಿಷ್ಟೂ ಅನುಮಾನವಿರಲಿಲ್ಲ. ಧ್ರುವಪ್ರಭೆ ಕಾಣುವುದು ಉತ್ತರಕ್ಕೆ. ಕೆನಡಾ ಇರುವುದು ಉತ್ತರಕ್ಕೆ. ಡೆಟ್ರಾಯಿಟ್ ನದಿಯ ಆಚೆ ದಡವೇ ಕೆನಡಾ. ಹಾಗಾದರೆ ನದಿಯ ದಡದಲ್ಲಿ ಕೆನಡಾದ ಕಡೆ ಮುಖ ಮಾಡಿ ನಿಂತರೆ ಮುಗಿಯಿತು. ಅನುಜ್‌ನ ತಲೆಮಾರಿಗೆ ದಿಕ್ಕು ಗೊತ್ತಿಲ್ಲ. ಫೋನಿನ ನಕ್ಷೆ ಕಾರು ತಿರುಗಿದ ಹಾಗೆಲ್ಲ ತಾನೂ ತಿರುಗಿ, ಎಲ್ಲಿಗೆ ಹೋದರೂ ಮೇಲಕ್ಕೇ ಹೋಗುತ್ತಿದ್ದೀಯ ಎಂದು ಸಮಾಧಾನ ಹೇಳುತ್ತದೆ. ಅಜ್ಜಿಗೆ ದಿಕ್ಕು ಗೊತ್ತು. ಆದರೆ ವರ್ಷಗಟ್ಟಲೆ ಸ್ಟಾಫ್ ರೂಮಿನ ಗೋಡೆಯ ನಕ್ಷೆಯಲ್ಲಿ ಅಮೆರಿಕದ ತಲೆಯ ಮೇಲೆ ಕೆನಡಾ ಟೊಪ್ಪಿಗೆಯಂತೆ ಕೂತಿರುವುದನ್ನು ನೋಡಿದವರು ಅವರು. ನಕ್ಷೆಯ ಮೇಲೆ ಸಂಶಯ ಪಡುವುದು ಮೇಷ್ಟ್ರುಗಳ ಜಾತಿಯಲ್ಲಿ ಇಲ್ಲ.

ಆರು ಗಂಟೆಗೆ ಅವರು ನದಿಯ ನಡುವಿನ ಬೆಲ್ ಐಲ್ ದ್ವೀಪದ ಅಂಚಿನಲ್ಲಿದ್ದರು. ಜನವರಿಯ ಕತ್ತಲೆ ಆಗಲೇ ಗಟ್ಟಿಯಾಗಿತ್ತು. ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಚಳಿ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಅಜ್ಜಿಯ ಸೀರೆಯ ಮೇಲೆ ಅನುಜ್‌ನ ಹಾಕಿ ಆಟದ ಜಾಕೆಟ್ಟು, ತಲೆಗೆ ಮಂಕಿಕ್ಯಾಪು, ಕಾಲಿಗೆ ಮಗಳ ಹಿಮದ ಬೂಟು. ಆಚೆ ದಡದಲ್ಲಿ ಕೆನಡಾದ ವಿಂಡ್ಸರ್ ಊರಿನ ದೀಪಗಳು. ಅದರ ಹಿಂದೆ, ದೂರದಲ್ಲಿ, ದಿಗಂತಕ್ಕೆ ಅಂಟಿಕೊಂಡು—

ಗುಲಾಬಿ. ನೇರಳೆ ಬೆರೆತ ಗುಲಾಬಿ ಬೆಳಕು, ತೆಳ್ಳಗಿನ ಮೋಡದ ಹೊಟ್ಟೆಗೆ ಯಾರೋ ಹಚ್ಚಿದ ಹಾಗೆ.

ಅನುಜ್ ಫೋನು ಹಿಡಿದ. ಕತ್ತಲಲ್ಲಿ ತೆಗೆಯುವ ಫೋಟೋದಲ್ಲಿ ಗುಲಾಬಿ ಇನ್ನಷ್ಟು ಕೊಬ್ಬಿತು. ಅಜ್ಜಿ ದಡದ ಕಂಬಿ ಹಿಡಿದು ನಿಂತರು. ಆಮೇಲೆ ಅವರೊಳಗಿನ ಮೇಡಂ ಎದ್ದುಬಂದರು. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳು ಹೇಗೆ ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಧ್ರುವಗಳ ಕಡೆ ಜಾರುತ್ತವೆ, ಮೇಲಿನ ಗಾಳಿಗೆ ಹೇಗೆ ಡಿಕ್ಕಿ ಹೊಡೆಯುತ್ತವೆ ಎಂದು ವಿವರಿಸಿದರು. ಟ್ಯೂಬ್‌ಲೈಟಿನ ಕೊಳವೆಯೊಳಗೆ ಅನಿಲ ಬೆಳಗುವುದೂ ಇದೇ ತತ್ವ, ಇಲ್ಲಿ ಆಕಾಶವೇ ಕೊಳವೆ ಎಂದರು. ಆಮ್ಲಜನಕವಾದರೆ ಹಸಿರು, ತುಂಬ ಮೇಲಿದ್ದರೆ ಕೆಂಪು. ಈ ಗುಲಾಬಿ ಇದೆಯಲ್ಲ, ಇದು ಸಾರಜನಕದ ಕೆಲಸ. ನಾಯಿ ಅಡ್ಡಾಡಿಸಲು ಬಂದಿದ್ದ ಒಂದು ಅಮೆರಿಕನ್ ಜೋಡಿ ನಿಂತು ಕೇಳಿತು. ಅಜ್ಜಿ ಅವರಿಗೋಸ್ಕರ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದರು. ಆ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಹಳ ಚೆನ್ನಾಗಿದೆ ಎಂದು ನಯವಾಗಿ ಹೇಳಿ ನಾಯಿಯನ್ನು ಎಳೆದುಕೊಂಡು ಹೋದರು.

ಅನುಜ್ ಫೋಟೋವನ್ನು ಮನೆಯ ಗ್ರೂಪಿಗೆ ಹಾಕಿದ. ಕ್ಷಣದಲ್ಲಿ ಶಾಮ್‌ಬರ್ಗ್‌ನಿಂದ ಸುಚೇತಾಳ ಸಂದೇಶ ಬಂತು: ಇದೂ ನಿನ್ನ ಕೇಸರಿಬಾತೇನಾ? ಅವನು ಫೋನನ್ನು ಅಜ್ಜಿಯ ಬಾಯಿಗೆ ಹಿಡಿದ. ನಿಜ ಕಣೇ ಸುಚಿ, ನಾನೇ ಕಣ್ಣಾರೆ ನೋಡ್ತಿದೀನಿ, ಸಾರಜನಕ ಎಂದರು ಅಜ್ಜಿ. ಅಜ್ಜಿ ಸುಳ್ಳು ಹೇಳುವವರಲ್ಲ ಎನ್ನುವುದು ಮೈಸೂರಿನಿಂದ ಇಲಿನಾಯ್‌ವರೆಗೆ ಪ್ರಸಿದ್ಧ. ಆಮೇಲೆ ಕೆಂಪು ಹೃದಯಗಳ ಮಳೆ. ಮನೋಹರ್ ಅಂಕಲ್ ಎನ್ನುವ ಸುಚೇತಾಳ ಪಕ್ಕದ ಬಡಾವಣೆಯವರು ಅದನ್ನು ಇಡೀ ಕನ್ನಡಕೂಟದ ಗ್ರೂಪಿಗೆ ತಳ್ಳಿದರು. ಅನುಜ್‌ಗೆ ಹಿನ್ನೆಲೆ ಸಂಗೀತ ಕೇಳಿಸತೊಡಗಿತ್ತು.

ಆ ಹೊತ್ತಿಗೆ ಅಜ್ಜಿಗೆ ಧ್ರುವನಕ್ಷತ್ರಕ್ಕೊಂದು ನಮಸ್ಕಾರ ಹಾಕಬೇಕು ಎನಿಸಿತು. ಇಂಥ ದಿನ ಅದು ಮರ್ಯಾದೆ. ಗುಲಾಬಿ ಬೆಳಕಿನ ಮೇಲೆ ಕಣ್ಣು ಹಾಯಿಸಿದರು. ಮೋಡ ಸರಿದ ಜಾಗದಲ್ಲಿ ಧ್ರುವ ಇರಲಿಲ್ಲ. ಅವನ ಬದಲು ಸಾಲಾಗಿ ಮೂರು ನಕ್ಷತ್ರ, ಸೊಂಟಕ್ಕೆ ಕಟ್ಟಿದ ಪಟ್ಟಿಯ ಹಾಗೆ. ಮೇಲೆ ಎರಡು ಭುಜ, ಕೆಳಗೆ ಎರಡು ಕಾಲು. ಮಹಾವ್ಯಾಧ, ಆಕಾಶದ ಬೇಟೆಗಾರ. ಅಜ್ಜಿ ಮೂರು ನಕ್ಷತ್ರವನ್ನು ಮತ್ತೆ ಮತ್ತೆ ನೋಡಿದರು. ಕನ್ನಡಕ ಒರೆಸಿ ನೋಡಿದರು.

"ಅನುಜಾ, ಈ ಬೇಟೆಗಾರ ಯಾವತ್ತೂ ಉತ್ತರದ ಆಕಾಶಕ್ಕೆ ಹೋಗಲ್ಲ ಕಣೋ. ನಾವು ಆಗ್ನೇಯಕ್ಕೆ ನೋಡ್ತಾ ನಿಂತಿದೀವಿ."

"ಅಜ್ಜಿ, ಎದುರಿಗಿರೋದು ಕೆನಡಾ."

"ಹಾಗಾದ್ರೆ ಕೆನಡಾನೇ ದಕ್ಷಿಣದಲ್ಲಿದೆ."

ಅನುಜ್ ಎದೆ ತಟ್ಟಿಕೊಂಡು, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಕೆನಡಾ ದಕ್ಷಿಣಕ್ಕೆ ಬರಲ್ಲ, ಬಂದರೆ ಮೀಸೆ ಬೋಳಿಸುತ್ತೇನೆ ಎಂದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ. ಪಂಚಾಯಿತಿಗೆ ಹಯವದನನಿಗೆ ಫೋನು ಮಾಡಿದ. ಹಯವದನ ಧಾರವಾಡದವನು, ಅನುಜ್‌ನದೇ ಲ್ಯಾಬಿನಲ್ಲಿ ಪಕ್ಕದ ಟೇಬಲ್ಲು, ಡೆಟ್ರಾಯಿಟ್‌ನಲ್ಲಿ ಹತ್ತು ಚಳಿಗಾಲ ತಿಂದವನು. ಸ್ಪೀಕರ್ ಹಾಕಿ ಅನುಜ್ ಎಲ್ಲ ಹೇಳಿದ. ಆ ಕಡೆಯಿಂದ ಮೊದಲು ನಗು ಬಂತು, ಆಮೇಲೆ ಕೆಮ್ಮು ಬಂತು, ಕೊನೆಗೆ ಮಾತು ಬಂತು.

"ಲೇ ತಮ್ಮಾ, ನದಿ ಇಲ್ಲಿ ಸೊಟ್ಟ ತಿರುಗೇತಿ. ಡೆಟ್ರಾಯಿಟ್‌ನಾಗ ಕೆನಡಾ ದಕ್ಷಿಣಕ್ಕೇ ಐತಿ. ಆ ಗುಲಾಬಿ ಬೆಳಕ ಐತಲ್ಲ, ಅದು ಲೆಮಿಂಗ್ಟನ್ ಕಡೆ ಗಾಜಿನ ಮನ್ಯಾಗ ಟೊಮ್ಯಾಟೋ ಬೆಳಸ್ತಾರಲ್ಲ, ಅದರ ಲೈಟು. ಚಳಿಗಾಲದಾಗ ಗಿಡಕ್ಕ ಬಿಸಿಲು ಸಾಲಂಗಿಲ್ಲ ಅಂತ ಹಾಕ್ತಾರ. ಅಜ್ಜಿಗೆ ನನ್ನ ನಮಸ್ಕಾರ ಹೇಳು."

ಫೋನಿಟ್ಟ ಮೇಲೆ ಅನುಜ್ ಓರೆಗಣ್ಣಿನಲ್ಲಿ ಅಜ್ಜಿಯನ್ನು ನೋಡಿದ. ಮಂಕಿಕ್ಯಾಪಿನ ಕಿಂಡಿಯಲ್ಲಿ ಮುಖ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡ. ನಗುತ್ತಿದ್ದರು. ಕಂಬಿ ಹಿಡಿದುಕೊಂಡು, ಬಗ್ಗಿ, ಹೊಟ್ಟೆ ಒತ್ತಿಕೊಂಡು ನಗುತ್ತಿದ್ದರು.

"ಟೊಮ್ಯಾಟೋಗೆ ಸಾರಜನಕ ಅಂತ ಪಾಠ ಮಾಡಿದೆನಲ್ಲೋ. ಅದೂ ಇಂಗ್ಲಿಷಿನಲ್ಲಿ."

ಉತ್ತರ ಅವರ ಬೆನ್ನ ಹಿಂದಿತ್ತು. ಅಲ್ಲಿ ನಗರದ ಗೋಪುರಗಳು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. ನಿಜವಾದ ಪ್ರಭೆ ಬಂದಿದ್ದರೂ ಆ ಬೆಳಕಿನಲ್ಲಿ ಮುಳುಗಿ ಹೋಗಿರುತ್ತಿತ್ತು. ಅಂದರೆ ಅವರು ವಾರೆನ್‌ನಿಂದ ಧ್ರುವಪ್ರಭೆಯ ವಿರುದ್ಧ ದಿಕ್ಕಿಗೆ ಅಚ್ಚುಕಟ್ಟಾಗಿ ಕಾರು ಓಡಿಸಿಕೊಂಡು ಬಂದಿದ್ದರು.

ಕಾರಿನಲ್ಲಿ ಕೂತ ಮೇಲೆ ಅಜ್ಜಿಯ ನಗು ನಿಂತಿತು. ಸಾಕು ಪುಟ್ಟ, ಮನೆಗೆ ಹೋಗೋಣ, ಸೂಟ್‌ಕೇಸಿನ ತೂಕ ಇನ್ನೊಂದು ಸಲ ನೋಡಬೇಕು ಎಂದರು. ಮೈಸೂರಿಗೆ ಹೋದ ಮೇಲೆ ಯಾರಾದರೂ ಕೇಳಿದರೆ ಟೊಮ್ಯಾಟೋ ಕಥೆ ಹೇಳಬಹುದು, ಅದೂ ಚೆನ್ನಾಗಿದೆ ಎಂದರು. ಹೇಳುತ್ತ ಕಿಟಕಿಯ ಕಡೆ ತಿರುಗಿ, ಹೊರಗೆ ಏನೂ ಕಾಣದಿದ್ದರೂ ಹೊರಗೇ ನೋಡುತ್ತ ಕೂತರು. ಅನುಜ್‌ಗೆ ಬೈಸಿಕೊಂಡು ಅಭ್ಯಾಸವಿತ್ತು, ಹೊಡೆಸಿಕೊಂಡು ಅಭ್ಯಾಸವಿತ್ತು. ಈ ಥರ ಸಮಾಧಾನ ಮಾಡಿಸಿಕೊಂಡು ಅಭ್ಯಾಸವಿರಲಿಲ್ಲ.

ಹೆದ್ದಾರಿಯಲ್ಲಿ ವಾರೆನ್ನಿನ ಎಕ್ಸಿಟ್ ಬಂತು. ಹೋಯಿತು.

"ನಮ್ಮ ಎಕ್ಸಿಟ್ ಬಿಟ್ಟೆಯಲ್ಲೋ."

"ಇಂಟರ್ವಲ್‌ನಲ್ಲಿ ಮನೆಗೆ ಹೋಗೋರು ಬೇರೆ ಜನ ಅಜ್ಜಿ."

ಅಜ್ಜಿ ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಗೇರಿನ ಪಕ್ಕ ಇಟ್ಟರು. ಅದೇ ಒಪ್ಪಿಗೆ.

ಹ್ಯೂರಾನ್ ಸರೋವರದ ದಂಡೆ ಹಿಡಿದು ಉತ್ತರಕ್ಕೆ ಹೋಗುವ ದಾರಿ. ಈ ಸಲ ದಿಕ್ಕು ಹೇಳಿದವರು ಅಜ್ಜಿ. ಕಾರಿನ ಮುಂಗಾಜಿನಲ್ಲಿ ಧ್ರುವನಕ್ಷತ್ರ ಇಟ್ಟುಕೊಂಡು, ಅದು ಪಕ್ಕಕ್ಕೆ ಜರುಗಿದರೆ ಸ್ಟಿಯರಿಂಗಿನ ಕಡೆ ಅನುಮಾನದಿಂದ ನೋಡುತ್ತಿದ್ದರು. ಪೋರ್ಟ್ ಹ್ಯೂರಾನ್ ದಾಟುವಾಗ ಮೋಡ ಮುತ್ತಿತು. ಅನುಜ್ ಮೋಡಕ್ಕೆ ಸವಾಲು ಹಾಕಿದ, ಮೋಡದ ಅಪ್ಪನಿಗೆ ಸವಾಲು ಹಾಕಿದ, ಆಮೇಲೆ ಬಾಯಿ ಮುಚ್ಚಿ ಮೆಲ್ಲಗೆ ಗಣಪತಿಗೆ ಹರಕೆ ಹೊತ್ತ. ಲೆಕ್ಸಿಂಗ್ಟನ್ ಎನ್ನುವ ಪುಟ್ಟ ಊರಿನ ಆಚೆ, ಬೇಸಿಗೆಯಲ್ಲಿ ಜನ ಈಜಲು ಬರುವ ದಂಡೆಯಲ್ಲಿ ಕಾರು ನಿಲ್ಲಿಸಿದಾಗ ಮೋಡ ಹರಿದಿತ್ತು. ಒಂದು ದೀಪವಿಲ್ಲ. ಸರೋವರದ ಅಂಚು ಹೆಪ್ಪುಗಟ್ಟಿ ಮಸುಕಾಗಿ ಹೊಳೆಯುತ್ತಿತ್ತು. ಉತ್ತರಕ್ಕೆ, ನೀರಿನ ಮೇಲೆ ಅಡ್ಡಲಾಗಿ, ಬೂದಿಬಣ್ಣದ ಒಂದು ಕಮಾನು.

ಅನುಜ್ ಅದನ್ನು ಮೋಡ ಎಂದುಕೊಂಡ. ಅಜ್ಜಿ ಎಂದುಕೊಳ್ಳಲಿಲ್ಲ. ಕಮಾನಿನ ಮೂಲಕ ಹಿಂದಿನ ನಕ್ಷತ್ರಗಳು ಕಾಣುತ್ತಿವೆ, ಮೋಡವಾಗಿದ್ದರೆ ಮುಚ್ಚುತ್ತಿತ್ತು ಎಂದರು. ಧ್ವನಿ ಸಣ್ಣದಾಗಿತ್ತು.

ಇಷ್ಟೇನಾ ಎಂದು ಅವನು ಕೇಳಿದ. ಪೋಸ್ಟರಿನಲ್ಲಿ ಹಸಿರು, ಥಿಯೇಟರಿನಲ್ಲಿ ವಿಭೂತಿ, ಇದು ಪ್ರೇಕ್ಷಕರಿಗೆ ಮಾಡಿದ ಮೋಸ ಎಂದ. ಅಜ್ಜಿ ಅವನ ತಲೆಗೆ ಮೊಟಕಿದರು. ತಪ್ಪು ಬೆಳಕಿನದಲ್ಲ, ನಮ್ಮ ಕಣ್ಣಿನದು ಎಂದರು. ಕತ್ತಲೆಯಲ್ಲಿ ಕೆಲಸ ಮಾಡುವ ಕಣ್ಣಿನ ಜೀವಕೋಶಗಳಿಗೆ ಬಣ್ಣ ತಿಳಿಯದು. ಬೆಳಕು ಜೋರಾದರೆ ಮಾತ್ರ ಬಣ್ಣ ಗುರುತಿಸುವ ಕೋಶಗಳು ಏಳುತ್ತವೆ. ಫೋನಿಗೆ ಆ ತೊಂದರೆ ಇಲ್ಲ. ಅವನು ಫೋನು ಹಿಡಿದು ನೋಡಿದ. ಹೌದು, ಅದರಲ್ಲಿ ಕಮಾನು ಎಳೆ ಬಾಳೆಲೆಯ ಹಸಿರು. ಆಮೇಲೆ ಅಜ್ಜಿ ಕೆಂಪಿನ ವಿಷಯ ಹೇಳಿದರು. ನೂರಾರು ಮೈಲಿ ಎತ್ತರದಲ್ಲಿ ಆಮ್ಲಜನಕದ ಪರಮಾಣುವಿಗೆ ಏಟು ಬಿದ್ದರೆ ಅದು ತಕ್ಷಣ ಬೆಳಗುವುದಿಲ್ಲ. ಹತ್ತಿರ ಹತ್ತಿರ ಎರಡು ನಿಮಿಷ ಸುಮ್ಮನಿರುತ್ತದೆ. ಅಷ್ಟರಲ್ಲಿ ಇನ್ನೊಂದು ಪರಮಾಣು ಬಂದು ಡಿಕ್ಕಿ ಹೊಡೆದರೆ ಕೆಲಸ ಕೆಟ್ಟಿತು. ಯಾರೂ ತಂಟೆ ಮಾಡದಿದ್ದರೆ ಮಾತ್ರ ಕೆಂಪು.

"ಅಂದ್ರೆ ಅಲ್ಲಿ ನನ್ನಂಥೋರು ಇರಬಾರದು" ಎಂದ ಅನುಜ್.

"ಇದ್ದಿದ್ರೆ ಕೆಂಪು ಅನ್ನೋ ಬಣ್ಣನೇ ಇರ್ತಿರಲಿಲ್ಲ."

ಕಾದರು. ಸರೋವರದ ಮೇಲಿಂದ ಗಾಳಿ ಬರುತ್ತಿತ್ತು, ಕಿವಿಯನ್ನು ಕೊಯ್ದು ಕೈಗೆ ಕೊಡುವಂಥದ್ದು. ಇನ್ನು ಹತ್ತು ನಿಮಿಷ ಎಂದು ಅನುಜ್ ಮೂರು ಸಲ ಹೇಳಿದ್ದ. ಅಜ್ಜಿಯ ಮಂಡಿ ಹಿಡಿದುಕೊಂಡಿತ್ತು. ಕಾರಿಗೆ ಒರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಇಷ್ಟು ಕಂಡಿತಲ್ಲ, ಬೂದಿಯಾದರೂ ನಿಜವಾದದ್ದು ಎಂದರು. ಹಾಗೆ ಅವರು ಹೇಳಿದ್ದು ಹೊರಡೋಣ ಎನ್ನುವುದರ ಮೊದಲ ಭಾಗ.

ಆಗ, ಸ್ವಾಮಿ, ಕೈ ಬಿಚ್ಚಿಕೊಳ್ಳಿ, ಶಿಳ್ಳೆಗೆ ಬೇಕಾಗುತ್ತದೆ.

ಅನುಜ್ ನಾಲ್ಕು ಹೆಜ್ಜೆ ಮುಂದೆ ನಡೆದ. ಬೂಟಿನ ಕೆಳಗೆ ಹಿಮ ಗರಗರ ಎಂದಿತು. ಕಾಲರ್ ಎತ್ತಿದ. ಉತ್ತರಕ್ಕೆ ಬೆರಳು ತೋರಿಸಿದ.

"ಬರೋದಾದ್ರೆ ಈಗ ಬಾ. ನಾಳೆ ನಮ್ಮಜ್ಜಿ ಫ್ಲೈಟು. ಆಮೇಲೆ ನೀನು ಎಷ್ಟು ಕುಣಿದ್ರೂ ಕೈ ತಟ್ಟೋರು ಇರಲ್ಲ."

ಬೂದಿ ಕಮಾನಿನ ಕೆಳ ಅಂಚು ಬಿಳಿಚಿತು. ಕೆಂಡದ ಮೇಲೆ ಊದಿದ ಹಾಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೆಳಕು ಓಡಿತು. ಹಸಿರಾಯಿತು, ಫೋನಿನಲ್ಲಿ ಅಲ್ಲ, ಬರಿಗಣ್ಣಿಗೆ. ಕಮಾನು ಮುರಿದು ಕಡ್ಡಿಕಡ್ಡಿಯಾಗಿ ನಿಂತಿತು, ಚಾಪೆಯ ಹೆಣಿಗೆ ಬಿಚ್ಚಿದಂತೆ. ಆ ಕಡ್ಡಿಗಳು ಉದ್ದವಾಗುತ್ತ ಉದ್ದವಾಗುತ್ತ ನೆತ್ತಿಯವರೆಗೆ ಏರಿದವು. ಅವುಗಳ ತುದಿಯಲ್ಲಿ ಕೆಂಪು. ಕುಂಕುಮದ ಕೆಂಪಲ್ಲ, ದಾಸವಾಳದ ಕೆಂಪೂ ಅಲ್ಲ. ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿದರೆ ಬೆರಳ ಸಂದಿನಲ್ಲಿ ಕಾಣುತ್ತದಲ್ಲ, ಆ ಜೀವಂತ ಕೆಂಪು. ಅದು ಇಡೀ ಆಕಾಶದಲ್ಲಿ ಒಮ್ಮೆ ಉಸಿರೆಳೆದುಕೊಂಡಿತು, ಬಿಟ್ಟಿತು. ಮಡಿಕೆಗಳು ಎಡದಿಂದ ಬಲಕ್ಕೆ ಸದ್ದಿಲ್ಲದೆ ಸರಿದವು. ಅಷ್ಟು ದೊಡ್ಡದು ಅಲುಗಿದರೆ ಸದ್ದಾಗಲೇಬೇಕು ಎಂದು ಕಿವಿ ಕಾಯುತ್ತದೆ, ಸದ್ದಾಗುವುದಿಲ್ಲ. ಕೆಳಗೆ ಹೆಪ್ಪುಗಟ್ಟಿದ ಸರೋವರದ ಮೇಲೆಯೂ ಅದೇ ಕೆಂಪು, ಅದೇ ಹಸಿರು. ಅಜ್ಜಿಯ ಬಿಳಿ ಬೂಟು ಕೂಡ ಗುಲಾಬಿಯಾಗಿತ್ತು. ಅನುಜ್ ಒಂದು ಕೈ ಜೇಬಿನಲ್ಲಿಟ್ಟು, ಒಂದು ಕೈ ಅಜ್ಜಿಯ ಭುಜದ ಮೇಲಿಟ್ಟು, ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿರುವವನ ಹಾಗೆ ಓರೆಯಾಗಿ ನಿಂತು ಎಲ್ಲವನ್ನೂ ನೋಡಿದ.

ಇಲ್ಲಿಗೆ ತೆರೆ ಎಳೆಯಬಹುದಿತ್ತು. ಆದರೆ ಲೆಕ್ಸಿಂಗ್ಟನ್ ದಂಡೆಯಲ್ಲಿ ಅವತ್ತು ಎರಡು ಜನ ಇದ್ದರು, ಮತ್ತು ಅವರಲ್ಲಿ ಒಬ್ಬರು ಸುಳ್ಳು ಹೇಳುವವರಲ್ಲ. ಈ ಕಥೆ ಅವರ ಕಿವಿಗೆ ಬಿದ್ದರೆ ನನ್ನ ತಲೆಗೂ ಮೊಟಕು ಬೀಳುತ್ತದೆ. ಆದ್ದರಿಂದ ನಿಜವಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಕಾಯುವಾಗ ಬೇಸರ ಕಳೆಯಲು ಅಜ್ಜಿ ತರಲೆ ಮಾಡಿದರು. ಹೌದು, ಅಜ್ಜಿಯೇ. ಅಗೋ ಬಂತು ನೋಡು ಎಂದರು. ಅನುಜ್ ಗಿರ್ರನೆ ತಿರುಗಿ, ಐಸಿನ ಮೇಲೆ ಜಾರಿ, ಕುಂಡೆಯ ಮೇಲೆ ಕೂತ. ಆಕಾಶದಲ್ಲಿ ಅದೇ ಬೂದಿ. ಅಜ್ಜಿಗೆ ಟೊಮ್ಯಾಟೋಗಿಂತ ಹೆಚ್ಚು ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಗೋ ಎಂದರು, ಅವನು ಮತ್ತೆ ತಿರುಗಿದ. ಎಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಸುಳ್ಳಿನ ರುಚಿ ಹತ್ತಿದರೆ ಹೀಗೆಯೇ ಆಗುವುದು.

ಆಮೇಲೆ ಚಳಿಗೆ ಅವನ ಫೋನು ಸತ್ತಿತು. ವಿಡಿಯೋ ಇಲ್ಲದಿದ್ದರೆ ಶಾಮ್‌ಬರ್ಗ್‌ನಲ್ಲಿ ತನ್ನ ಮಾತನ್ನು ಯಾರು ನಂಬುತ್ತಾರೆ ಎಂದು ಅವನು ಕಾರಿನೊಳಗೆ ಹೋಗಿ, ಹೀಟರಿನ ಬಾಯಿಗೆ ಫೋನು ಹಿಡಿದು ಕೂತ. ಬರೋದಾದ್ರೆ ಈಗ ಬಾ ಎನ್ನುವ ಆ ಡೈಲಾಗ್ ಹೊಡೆದದ್ದು ಸುಳ್ಳಲ್ಲ. ಹೊಡೆದದ್ದು ಫೋನಿಗೆ. ಕಿಟಕಿಗಳೆಲ್ಲ ಉಸಿರಿನ ಹಬೆಯಿಂದ ಮಬ್ಬಾಗಿದ್ದವು. ಹೊರಗಿನಿಂದ ಅಜ್ಜಿ ಗಾಜು ಬಡಿದರು.

"ಬಾರೋ ಬೇಗ, ಕೆಂಪು ಬಂತು."

ಅನುಜ್ ಒಳಗಿಂದಲೇ ಬೆರಳು ಅಲ್ಲಾಡಿಸಿದ. ಇದೇ ಬೋನಿಗೆ ಮೂರನೇ ಸಲ ಬೀಳೋ ಇಲಿ ನಾನಲ್ಲ ಎಂದ. ಅಜ್ಜಿ ಮತ್ತೆ ಬಡಿಯಲಿಲ್ಲ. ಅವನನ್ನು ಕರೆಯುತ್ತ ನಿಂತರೆ ತಮ್ಮದೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬೆನ್ನು ತಿರುಗಿಸಿ ನಿಂತುಬಿಟ್ಟರು.

ಫೋನು ಜೀವ ಹಿಡಿದು ಅವನು ಹೊರಬಂದಾಗ ಆಕಾಶದಲ್ಲಿ ಬೂದಿ ಕಮಾನು, ಹೋದಾಗ ಇದ್ದದ್ದಕ್ಕಿಂತ ಸ್ವಲ್ಪ ತೆಳ್ಳಗೆ. ಅಜ್ಜಿಯ ಮಂಕಿಕ್ಯಾಪು ಹಿಂದಕ್ಕೆ ಜಾರಿ ಕತ್ತಿನ ಮೇಲೆ ಬಿದ್ದಿತ್ತು. ಆ ಗಾಳಿಯಲ್ಲಿ ಬರಿತಲೆಯಲ್ಲಿ ನಿಂತಿದ್ದರು, ಚಳಿಯ ನೆನಪಿಲ್ಲ, ಬಾಯಿ ಅರ್ಧ ತೆರೆದಿತ್ತು. ಅವನಿಗೆ ಆಗ ಅರ್ಥವಾಯಿತು.

"ನಿಜವಾಗ್ಲೂ ಬಂದಿತ್ತಾ ಅಜ್ಜಿ?"

ಅಜ್ಜಿ ಹೌದೆಂದು ತಲೆಯಾಡಿಸಿದರು. ಪೂರ್ತಿ ನೋಡಿದೆಯಾ ಎಂದು ಕೇಳಿದ. ಅದಕ್ಕೂ ತಲೆಯಾಡಿಸಿದರು. ಅನುಜ್ ಒಂದು ಡೈಲಾಗಿಗಾಗಿ ಒಳಗೆ ಹುಡುಕಿದ. ಸಿಗಲಿಲ್ಲ. ಸುಮ್ಮನೆ ಅವರ ಟೋಪಿ ಎಳೆದು ಕಿವಿ ಮುಚ್ಚಿದ. ನಾಳೆ ಮಧ್ಯಾಹ್ನ ವಿಮಾನದಲ್ಲಿ ಕೂರುವವರು ನೋಡಿಕೊಂಡೇ ಕೂರುತ್ತಾರೆ ಎನ್ನುವುದು ತನ್ನ ಹೊಟ್ಟೆಕಿಚ್ಚಿಗಿಂತ ದೊಡ್ಡದಾಗಿ ಅವನಿಗೆ ಕಂಡಿತು. ಸ್ವಲ್ಪವೇ ದೊಡ್ಡದಾಗಿ.

ಹಾಗಾಗಿ, ಕನ್ನಡಕೂಟದ ಗ್ರೂಪಿನಲ್ಲಿ ನೀವು ಹೃದಯ ಒತ್ತಿದ ಫೋಟೋ ಟೊಮ್ಯಾಟೋದ್ದು. ಕೆಂಪು ಬೆಳಕಿನದು ಒಂದೂ ಇಲ್ಲ. ಅಂಗೈಯ ಕೆಂಪು, ಬಿಚ್ಚಿದ ಚಾಪೆ, ಸದ್ದಿಗೆ ಕಾಯುವ ಕಿವಿ, ಗುಲಾಬಿಯಾದ ಬೂಟು, ಇವೆಲ್ಲ ವಾಪಸ್ ಬರುವ ದಾರಿಯಲ್ಲಿ ಅಜ್ಜಿ ಹೇಳಿದ್ದು. ಕತ್ತಲೆಯ ಕಾರಿನಲ್ಲಿ ಎರಡೂ ಕೈ ಬೀಸುತ್ತ, ಬಲಗೈ ಗಾಜಿಗೆ ತಗುಲಿದಾಗ ಎಡಗೈ ಅನುಜ್‌ನ ಮೂಗಿಗೆ ತಗುಲುತ್ತ, ಒಂದು ಗಂಟೆಯ ದಾರಿಯುದ್ದಕ್ಕೂ ಹೇಳಿದರು. ಮಧ್ಯೆ ಅವನು ಪೂರ್ತಿ ಅವರ ಕಡೆ ತಿರುಗಿ, ನೆತ್ತಿಯ ಮೇಲೆ ಬಂದಾಗ ಹೇಗಿತ್ತು, ಅದನ್ನ ಇನ್ನೊಂದು ಸಲ ಹೇಳಜ್ಜಿ ಎಂದ.

"ಹೇಳ್ತೀನಿ, ಮೊದಲು ರಸ್ತೆ ನೋಡು" ಎಂದರು ಅಜ್ಜಿ.